ನಲವತ್ತೈದು ಸರದಿಗಳ ಲೆಕ್ಕ: 1970ರ ಹದಿನೆಂಟು ಬೇಸ್‌ಬಾಲ್ ಬ್ಯಾಟರ್‌ಗಳ ಪ್ರಕರಣ

1970ರ ಅಮೆರಿಕದ ಬೇಸ್‌ಬಾಲ್ ಋತು ಆರಂಭವಾಗಿ ಕೆಲವೇ ವಾರಗಳಾಗಿದ್ದವು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ರಾಬರ್ಟೊ ಕ್ಲೆಮೆಂಟೆ 45 ಸರದಿಗಳಲ್ಲಿ 18 ಹಿಟ್‌ಗಳನ್ನು ಹೊಡೆದು 0.400 ಸರಾಸರಿಯಲ್ಲಿದ್ದರು. ಅದೇ ಹೊತ್ತಿಗೆ ನ್ಯೂಯಾರ್ಕ್ ಯಾಂಕೀಸ್ ತಂಡದ ಹೊಸ ಹುಡುಗ ಥರ್ಮನ್ ಮನ್ಸನ್ ಅಷ್ಟೇ ಸರದಿಗಳಲ್ಲಿ ಕೇವಲ 8 ಹಿಟ್ ಹೊಡೆದು 0.178ರಲ್ಲಿದ್ದರು. ಉಳಿದ ಋತುವಿನಲ್ಲಿ ಕ್ಲೆಮೆಂಟೆ ಅವರ ಸರಾಸರಿ 0.346 ಆಯಿತು, ಮನ್ಸನ್ ಅವರದು 0.316 ಆಯಿತು. ಮೊದಲು 222 ಸಾವಿರಾಂಶಗಳಷ್ಟಿದ್ದ ಅಂತರ ಕೊನೆಗೆ 30 ಸಾವಿರಾಂಶಗಳಿಗೆ ಇಳಿಯಿತು. ಮೊದಲ ಅಂತರದಲ್ಲಿ ಕೌಶಲದ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂಬುದು ಈ ಪ್ರಕರಣದ ಪ್ರಶ್ನೆ. ಅದಕ್ಕಿಂತ ಕುತೂಹಲದ ಪ್ರಶ್ನೆಯೆಂದರೆ, ಆ ಪಾಲನ್ನು ಋತು ಮುಗಿಯುವವರೆಗೆ ಕಾಯದೆ, ಆ 45 ಸರದಿಗಳ ಅಂಕಿಗಳಿಂದಲೇ ಹೇಳಬಹುದಿತ್ತೇ ಎಂಬುದು.

ಕ್ರಿಕೆಟ್‌ನಲ್ಲಿ ಬೆಳೆದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕ್ರಿಕೆಟ್‌ನ ಬ್ಯಾಟಿಂಗ್ ಸರಾಸರಿ ಎಂದರೆ ಗಳಿಸಿದ ರನ್‌ಗಳನ್ನು ಔಟಾದ ಸಲಗಳಿಂದ ಭಾಗಿಸಿದ ಸಂಖ್ಯೆ. ಒಂದೇ ಒಂದು ದ್ವಿಶತಕ ಅದನ್ನು ಎತ್ತಿ ನಿಲ್ಲಿಸಬಲ್ಲದು. ಬೇಸ್‌ಬಾಲ್‌ನ ಸರಾಸರಿ ಹಾಗಲ್ಲ. ಬ್ಯಾಟರ್ ಚೆಂಡೆಸೆಯುವ ಪಿಚರ್‌ನ ಎದುರು ನಿಂತ ಒಂದು ಅಧಿಕೃತ ಸರದಿಯಲ್ಲಿ, ಅಲ್ಲಿಯವರು ಅಟ್-ಬ್ಯಾಟ್ ಎನ್ನುವ ಅವಕಾಶದಲ್ಲಿ, ಚೆಂಡನ್ನು ಹೊಡೆದು ಬೇಸ್ ಎಂಬ ಓಟದ ನಿಲ್ದಾಣವನ್ನು ಸುರಕ್ಷಿತವಾಗಿ ತಲುಪಿದರೆ ಒಂದು ಹಿಟ್, ಇಲ್ಲದಿದ್ದರೆ ಸೊನ್ನೆ. ನಾಲ್ಕು ಕೆಟ್ಟ ಎಸೆತಗಳ ಫಲವಾಗಿ ಬೇಸ್‌ಗೆ ನಡೆದುಹೋಗುವ ವಾಕ್ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಚೆಂಡು ಬೇಲಿಯಾಚೆ ಹೋಗಿ ಹೋಮ್ ರನ್ ಆದರೂ ಒಂದೇ ಹಿಟ್, ಚೆಂಡು ನೆಲದ ಮೇಲೆ ಉರುಳಿ ಇಬ್ಬರು ಫೀಲ್ಡರ್‌ಗಳ ನಡುವೆ ನುಸುಳಿಹೋದರೂ ಒಂದೇ ಹಿಟ್. ಆದ್ದರಿಂದ ಪ್ರತಿಯೊಂದು ಸರದಿಯೂ ಒಂದು ನಾಣ್ಯ ಚಿಮ್ಮುವಿಕೆಯಂತೆ ಆಗುತ್ತದೆ, ಆದರೆ ಆ ನಾಣ್ಯ ನಾಲ್ಕು ಸಲಕ್ಕೆ ಒಂದಕ್ಕಿಂತ ತುಸು ಹೆಚ್ಚು ಸಲ ಮಾತ್ರ ಗೆಲುವಿನ ಮುಖ ತೋರಿಸುತ್ತದೆ. ನಾಣ್ಯದ ಓಲುವಿಕೆಯೇ ಕೌಶಲ. ಈ ಸಲ ಯಾವ ಮುಖ ಬಿತ್ತೆಂಬುದು ಅದೃಷ್ಟ.

ಅದೃಷ್ಟ ಎಂಬ ಪದವನ್ನು ಇಲ್ಲಿ ದೈವದ ಅರ್ಥದಲ್ಲಿ ಬಳಸಿಲ್ಲ. ನೇರವಾಗಿ, ಬಿರುಸಾಗಿ ಹೊಡೆದ ಚೆಂಡು ಶಾರ್ಟ್‌ಸ್ಟಾಪ್ ಎಂಬ ಒಳಮೈದಾನದ ಫೀಲ್ಡರ್‌ನ ಗ್ಲೌಸಿಗೆ ಹೋಗಿ ಕುಳಿತರೆ ಅದು ಔಟ್. ಬ್ಯಾಟಿನ ತುದಿಗೆ ತಗುಲಿ ಸತ್ತಂತೆ ಬಿದ್ದ ಚೆಂಡು ಒಳಮೈದಾನದ ಫೀಲ್ಡರ್‌ಗಳ ಹಿಂದೆ, ಹೊರಮೈದಾನದ ಔಟ್‌ಫೀಲ್ಡರ್‌ಗಳ ಮುಂದೆ ಬಿದ್ದರೆ ಅದು ಹಿಟ್. ಬ್ಯಾಟರ್ ಮೂರು ಸ್ಟ್ರೈಕ್‌ಗಳಿಗೆ ಔಟಾಗುವ ಸ್ಟ್ರೈಕ್‌ಔಟ್‌ಗಳನ್ನೂ ಹೋಮ್ ರನ್‌ಗಳನ್ನೂ ಬಿಟ್ಟು, ಮೈದಾನದೊಳಗೆ ಆಟಕ್ಕೆ ಸಿಕ್ಕ ಚೆಂಡುಗಳನ್ನಷ್ಟೇ ಎಣಿಸಿದರೆ, ಈಚಿನ ದಶಕಗಳಲ್ಲಿ ಅಲ್ಲಿನ ಅತ್ಯುನ್ನತ ವೃತ್ತಿಪರ ಮಟ್ಟವಾದ ಮೇಜರ್ ಲೀಗ್‌ಗಳ (ನ್ಯಾಷನಲ್ ಮತ್ತು ಅಮೆರಿಕನ್ ಲೀಗ್‌ಗಳ) ಒಟ್ಟು ಲೆಕ್ಕದಲ್ಲಿ ಸರಿಸುಮಾರು ಹತ್ತರಲ್ಲಿ ಮೂರು ಹಿಟ್ ಆಗುತ್ತವೆ. ಬಿರುಸಾಗಿ ಹೊಡೆಯುವವರಿಗೆ, ವೇಗವಾಗಿ ಓಡುವವರಿಗೆ ಈ ಪ್ರಮಾಣ ಹೆಚ್ಚು, ಆ ಮಟ್ಟಿಗೆ ಅದು ಕೌಶಲವೇ. ಆದರೆ ಒಂದು ತಿಂಗಳ ಅವಧಿಯಲ್ಲಿ ಅದು ಕೌಶಲಕ್ಕೆ ಸಂಬಂಧವಿಲ್ಲದಂತೆ ಏರಿಳಿಯುತ್ತದೆ. ಎದುರಾದ ಪಿಚರ್‌ಗಳು ಯಾರು, ಗಾಳಿ ಯಾವ ಕಡೆಗೆ ಬೀಸಿತು, ಬೇಲಿ ಎಷ್ಟು ದೂರವಿತ್ತು ಎಂಬುವೂ ಇದರೊಳಗೇ ಸೇರುತ್ತವೆ. ಸಂಖ್ಯಾಶಾಸ್ತ್ರಜ್ಞ ಇವೆಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಅದೃಷ್ಟ ಎನ್ನುತ್ತಾನೆ. ಬ್ಯಾಟರ್‌ನ ಸ್ಥಿರ ಸಾಮರ್ಥ್ಯವನ್ನು ಬಿಟ್ಟು ಉಳಿದದ್ದೆಲ್ಲವೂ ಅದೇ.

ಹದಿನೆಂಟು ಹೆಸರುಗಳು

ಈ ಪ್ರಕರಣವನ್ನು ಕಟ್ಟಿಕೊಟ್ಟವರು ಬ್ರಾಡ್ಲಿ ಎಫ್ರನ್ ಮತ್ತು ಕಾರ್ಲ್ ಮಾರಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು. 1975ರಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟ ಅವರು, 1977ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಮೂಲಕ ಸಾಮಾನ್ಯ ಓದುಗರಿಗೂ ತಲುಪಿಸಿದರು. ಆ ಋತುವಿನ ಆರಂಭದಲ್ಲಿ ಸರಿಯಾಗಿ 45 ಸರದಿಗಳನ್ನು ಮುಗಿಸಿದ್ದ ಹದಿನೆಂಟು ಆಟಗಾರರನ್ನು ಅವರು ಆರಿಸಿಕೊಂಡರು. ಸರದಿಗಳ ಸಂಖ್ಯೆ ಎಲ್ಲರಿಗೂ ಒಂದೇ ಆಗಿದ್ದರೆ ಅದೃಷ್ಟದ ಏರಿಳಿತವೂ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಳತೆಯದಾಗಿರುತ್ತದೆ, ಲೆಕ್ಕ ಹಗುರವಾಗುತ್ತದೆ.

ಪಟ್ಟಿಯ ತಲೆಯಲ್ಲಿ ಕ್ಲೆಮೆಂಟೆ, ಅವರ ಬೆನ್ನಿಗೆ 17 ಹಿಟ್‌ಗಳ ಫ್ರ್ಯಾಂಕ್ ರಾಬಿನ್‌ಸನ್, 16 ಹಿಟ್‌ಗಳ ಫ್ರ್ಯಾಂಕ್ ಹೊವರ್ಡ್, 15 ಹಿಟ್‌ಗಳ ಜೇ ಜಾನ್‌ಸ್ಟೋನ್. ನಡುವೆ ಷಿಕಾಗೋದ ಇಬ್ಬರು ಹೆಸರಾಂತರು, ಡಾನ್ ಕೆಸಿಂಜರ್ ಮತ್ತು ರಾನ್ ಸ್ಯಾಂಟೊ. ಕೆಳಗೆ 10 ಹಿಟ್‌ಗಳಲ್ಲಿ ಐವರು ಒಟ್ಟಿಗೆ ನಿಂತಿದ್ದರು. ಅವರ ಕೆಳಗೆ 9ರಲ್ಲಿ ಓಕ್‌ಲ್ಯಾಂಡ್‌ನ ಬರ್ಟ್ ಕ್ಯಾಂಪನೇರಿಸ್, 8ರಲ್ಲಿ ಮನ್ಸನ್, ಎಲ್ಲರಿಗಿಂತ ಕೆಳಗೆ 7 ಹಿಟ್‌ಗಳ ಮ್ಯಾಕ್ಸ್ ಆಲ್ವಿಸ್. ಹದಿನೆಂಟೂ ಜನರದು ಸೇರಿ 810 ಸರದಿ, 215 ಹಿಟ್; ಒಟ್ಟು ಸರಾಸರಿ 0.265.

ಈಗ ಒಂದು ಊಹೆ ಮಾಡೋಣ. ಈ ಹದಿನೆಂಟು ಜನರ ನಡುವೆ ಕೌಶಲದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಎಲ್ಲರ ಕೈಯಲ್ಲಿರುವುದೂ 0.265ರ ಒಂದೇ ನಾಣ್ಯ ಎಂದುಕೊಳ್ಳೋಣ. ಹಾಗಿದ್ದರೂ 45 ಸರದಿಗಳಲ್ಲಿ ಎಲ್ಲರಿಗೂ 12 ಹಿಟ್ ಬರುವುದಿಲ್ಲ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಆ ಹರಡುವಿಕೆಯ ಮಾನಕ ವಿಚಲನೆ, ಅಂದರೆ ಸಂಖ್ಯೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರುತ್ತವೆ ಎಂಬುದರ ಅಳತೆ, 45, 0.265 ಮತ್ತು 0.735ರ ಗುಣಲಬ್ಧದ ವರ್ಗಮೂಲ, ಅಂದರೆ 2.96 ಹಿಟ್. ನಿಜವಾದ ಪಟ್ಟಿಯಲ್ಲಿ ಹದಿನೆಂಟು ಜನರ ಹಿಟ್‌ಗಳ ಮಾನಕ ವಿಚಲನೆಯನ್ನು ಲೆಕ್ಕ ಹಾಕಿದರೆ ಬರುವುದು 3.13. ಇನ್ನೊಂದು ಕಡೆಯಿಂದ ನೋಡಿದರೂ ಅಷ್ಟೇ. ಒಂದೇ ಬಗೆಯ ಹದಿನೆಂಟು ನಾಣ್ಯಗಳಿಂದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಹಿಟ್‌ಗಳ ನಡುವೆ ನಾವು ನಿರೀಕ್ಷಿಸಬೇಕಾದ ಅಂತರ ಸುಮಾರು 10.8, ಕ್ಲೆಮೆಂಟೆ ಮತ್ತು ಆಲ್ವಿಸ್ ನಡುವೆ ಇದ್ದ ಅಂತರ 11.

ಇದನ್ನು ಮೊದಲ ಸಲ ಕೈಯಾರೆ ಕೂಡಿಸಿದಾಗ ಎಲ್ಲೋ ತಪ್ಪಿದ್ದೇನೆಂದೇ ನಾನು ಅಂದುಕೊಂಡೆ. ಒಬ್ಬರು ಆ ಕಾಲದ ಶ್ರೇಷ್ಠ ಬ್ಯಾಟರ್, ಇನ್ನೊಬ್ಬರು ತಮ್ಮ ಕೊನೆಯ ಋತುವನ್ನು ಆಡುತ್ತಿದ್ದವರು. ಇಂಥವರು ಕೂಡಿದ ಪಟ್ಟಿಯು, ಹದಿನೆಂಟು ಜನ ಅವಳಿಗಳಂತಿದ್ದರೆ ಬರುತ್ತಿದ್ದ ಪಟ್ಟಿಗಿಂತ ಹೆಚ್ಚುಕಡಿಮೆ ಬೇರೆಯಾಗಿಯೇ ಇಲ್ಲ. ಮಾನಕ ವಿಚಲನೆಗಳ ವರ್ಗಗಳನ್ನು ಹೋಲಿಸಿದರೆ, ಕಂಡ ಏರಿಳಿತದ ಹತ್ತರಲ್ಲಿ ಒಂಬತ್ತು ಪಾಲು ಬರಿಯ ಅದೃಷ್ಟದಿಂದಲೇ ಬರಬಹುದಾದದ್ದು. ಕೌಶಲಕ್ಕೆ ಉಳಿಯುವುದು ಹತ್ತರಲ್ಲಿ ಒಂದು.

ಇಲ್ಲಿ ಎಚ್ಚರ ಬೇಕು. ಕೌಶಲ ಇಲ್ಲವೆಂದು ಈ ಲೆಕ್ಕ ಹೇಳುವುದಿಲ್ಲ. ಮೇಜರ್ ಲೀಗ್‌ನ ಪಿಚರ್ ಎಸೆದ ಚೆಂಡಿಗೆ ನಾನೋ ನೀವೋ ಬ್ಯಾಟ್ ಬೀಸಿದರೆ 45 ಸರದಿಗಳಲ್ಲಿ ಒಂದು ಹಿಟ್ ಕೂಡ ಬಾರದಿರಬಹುದು. 0.265 ಎಂಬ ಆ ನಡುಬಿಂದುವೇ ಅಪಾರ ಕೌಶಲದ ಸಂಖ್ಯೆ. ಆದರೆ ಅಷ್ಟು ಎತ್ತರಕ್ಕೆ ಜರಡಿ ಹಿಡಿದು ಆರಿಸಿದವರ ನಡುವೆ ಪರಸ್ಪರ ವ್ಯತ್ಯಾಸ ಕಿರಿದಾಗುತ್ತದೆ, ವ್ಯತ್ಯಾಸ ಕಿರಿದಾದಷ್ಟೂ ಅವರ ಶ್ರೇಯಾಂಕವನ್ನು ಅದೃಷ್ಟವೇ ಬರೆಯುತ್ತದೆ.

ನಡುವಿನ ಕಡೆಗೆ ಎಳೆಯುವುದು

ಹೀಗಿರುವಾಗ ಉಳಿದ ಋತುವಿಗೆ ಮುನ್ಸೂಚನೆ ಹೇಳಬೇಕಾದವನು ಏನು ಮಾಡಬೇಕು? ಸಾಮಾನ್ಯ ಬುದ್ಧಿ ಹೇಳುವುದು, ಪ್ರತಿಯೊಬ್ಬರ ಇದುವರೆಗಿನ ಸರಾಸರಿಯೇ ಅವರ ಸಾಮರ್ಥ್ಯದ ಅತ್ಯುತ್ತಮ ಅಂದಾಜು ಎಂದು. 1956ರಲ್ಲಿ ಚಾರ್ಲ್ಸ್ ಸ್ಟೈನ್ ಇದನ್ನು ಅಲುಗಾಡಿಸಿದರು, 1961ರಲ್ಲಿ ವಿಲ್ಲರ್ಡ್ ಜೇಮ್ಸ್ ಅವರ ಜೊತೆ ಸೇರಿ ಅದಕ್ಕೊಂದು ಸೂತ್ರವನ್ನೇ ಕೊಟ್ಟರು. ಮೂರು ಅಥವಾ ಅದಕ್ಕಿಂತ ಹೆಚ್ಚು ಪರಿಮಾಣಗಳನ್ನು ಒಟ್ಟಿಗೆ ಅಂದಾಜು ಮಾಡುವಾಗ, ಪ್ರತಿಯೊಂದನ್ನೂ ಅದರ ಪಾಡಿಗೆ ಬಿಡುವುದಕ್ಕಿಂತ ಎಲ್ಲವನ್ನೂ ಒಂದು ಸಾಮಾನ್ಯ ಬಿಂದುವಿನ ಕಡೆಗೆ ಒಂದಿಷ್ಟು ಎಳೆದರೆ ಒಟ್ಟು ದೋಷ ಕಡಿಮೆಯಾಗುತ್ತದೆ ಎಂಬುದು ಅವರ ಫಲಿತಾಂಶದ ಸಾರ. ಆ ಬಿಂದುವೂ ಅಂಕಿಗಳ ಸರಾಸರಿಯಿಂದಲೇ ಬಂದರೆ ಕನಿಷ್ಠ ನಾಲ್ಕು ಪರಿಮಾಣಗಳು ಬೇಕು. ಬ್ಯಾಟರ್‌ಗಳ ಜೊತೆಗೆ ಷಿಕಾಗೋದಲ್ಲಿರುವ ವಿದೇಶಿ ಕಾರುಗಳ ಪ್ರಮಾಣವನ್ನು ಸೇರಿಸಿದರೂ ಗಣಿತ ಸುಳ್ಳಾಗುವುದಿಲ್ಲ ಎಂದು ಎಫ್ರನ್ ಮತ್ತು ಮಾರಿಸ್ ಓದುಗರನ್ನು ಕೆಣಕಿದ್ದರು. ಅದು ವಿರೋಧಾಭಾಸವೆಂದು ಹೆಸರಾದದ್ದು ಸುಮ್ಮನೆ ಅಲ್ಲ.

ಇದಕ್ಕೂ ನಮ್ಮ ನೆಲಕ್ಕೂ ಒಂದು ಎಳೆಯಿದೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು 1945ರಲ್ಲಿ ಪ್ರಕಟಿಸಿದ, ಈಗ ಕ್ರಾಮರ್-ರಾವ್ ಮಿತಿ ಎಂದು ಕರೆಯಲಾಗುವ ಫಲಿತಾಂಶವು, ಪಕ್ಷಪಾತವಿಲ್ಲದ ಅಂದಾಜುಗಳು ಎಷ್ಟರಮಟ್ಟಿಗೆ ನಿಖರವಾಗಬಲ್ಲವು ಎಂಬುದಕ್ಕೆ ಒಂದು ಎಲ್ಲೆಯನ್ನು ಹಾಕುತ್ತದೆ. ಸ್ಟೈನ್ ಅವರ ವಿಧಾನ ಆ ಎಲ್ಲೆಯನ್ನು ಮುರಿಯುವುದಿಲ್ಲ. ಅದು ಬೇಕೆಂದೇ ಒಂದಿಷ್ಟು ಪಕ್ಷಪಾತವನ್ನು, ಅಂದರೆ ನಡುವಿನ ಕಡೆಗಿನ ವಾಲುವಿಕೆಯನ್ನು, ಒಪ್ಪಿಕೊಂಡು ಅದಕ್ಕೆ ಬದಲಾಗಿ ಏರಿಳಿತವನ್ನು ತಗ್ಗಿಸಿಕೊಳ್ಳುತ್ತದೆ.

ಹದಿನೆಂಟು ಆಟಗಾರರಿಗೆ ಸೂತ್ರ ಹಾಕಿದರೆ ಸಿಗುವ ಗುಣಕ 0.212. ಮೇಲಿನ ಹತ್ತರಲ್ಲೊಂದು ಎಂಬ ಲೆಕ್ಕಕ್ಕಿಂತ ಇದು ತುಸು ಉದಾರವಾದದ್ದು. ಆಟಗಾರರ ಸಂಖ್ಯೆ ಚಿಕ್ಕದಾದ್ದರಿಂದ ಸೂತ್ರವು ಮೇಲಿನ ಲೆಕ್ಕದಲ್ಲಿ ಭಾಜಕವಾಗಿದ್ದ ಹದಿನೇಳರ (ಹದಿನೆಂಟಕ್ಕೆ ಒಂದು ಕಡಿಮೆ) ಬದಲು ಹದಿನೈದನ್ನು ಬಳಸಿ ಎಚ್ಚರಿಕೆ ವಹಿಸುತ್ತದೆ. ಅರ್ಥ ಮಾತ್ರ ಸರಳ. ಒಬ್ಬ ಆಟಗಾರ 0.265ಕ್ಕಿಂತ ಎಷ್ಟು ಮೇಲಿದ್ದರೂ ಎಷ್ಟು ಕೆಳಗಿದ್ದರೂ, ಆ ಅಂತರದ ಐದರಲ್ಲಿ ಒಂದು ಪಾಲನ್ನು ಮಾತ್ರ ನಂಬಬೇಕು. ಹಾಗಾಗಿ ಕ್ಲೆಮೆಂಟೆ 0.400ರಿಂದ 0.294ಕ್ಕೆ ಇಳಿಯುತ್ತಾರೆ, ಜಾನ್‌ಸ್ಟೋನ್ 0.333ರಿಂದ 0.280ಕ್ಕೆ ಇಳಿಯುತ್ತಾರೆ, ಮನ್ಸನ್ 0.178ರಿಂದ 0.247ಕ್ಕೆ ಏರುತ್ತಾರೆ, ಆಲ್ವಿಸ್ 0.156ರಿಂದ 0.242ಕ್ಕೆ. ಒಂದು ರಾಶಿಯಾಗಿ ಹರಡಿದ್ದ ಪಟ್ಟಿ ಐವತ್ತು ಸಾವಿರಾಂಶಗಳ ಒಂದು ಕಿರಿದಾದ ಓಣಿಯೊಳಗೆ ಬಂದು ಸೇರುತ್ತದೆ. ಏಪ್ರಿಲ್‌ನಲ್ಲಿ ಯಾವ ತಂಡದ ವ್ಯವಸ್ಥಾಪಕರಿಗೆ ತೋರಿಸಿದ್ದರೂ ಅವರು ಈ ಓಣಿಯನ್ನು ಕಂಡು ನಗುತ್ತಿದ್ದರೇನೋ.

ಋತುವಿನ ಉಳಿದ ಭಾಗ ನಗಲಿಲ್ಲ. ರಾಬಿನ್‌ಸನ್ 0.378ರಿಂದ 0.298ಕ್ಕೆ ಬಂದರು. ಹೊವರ್ಡ್ 0.356ರಿಂದ 0.276ಕ್ಕೆ ಬಂದರು. ಜಾನ್‌ಸ್ಟೋನ್ 0.222ರವರೆಗೆ ಕುಸಿದರು. ಕೆಳಗಿದ್ದವರಲ್ಲಿ ಬಾಸ್ಟನ್‌ನ ಜಾರ್ಜ್ ಸ್ಕಾಟ್ 0.222ರಿಂದ 0.303ಕ್ಕೆ, ಕ್ಯಾಂಪನೇರಿಸ್ 0.200ರಿಂದ 0.285ಕ್ಕೆ ಎದ್ದರು. ಮೊದಲ ಸರಾಸರಿಗಳನ್ನೇ ಮುನ್ಸೂಚನೆಯೆಂದು ಹಿಡಿದರೆ ಬರುವ ದೋಷಗಳ ವರ್ಗಗಳ ಮೊತ್ತ 0.077, ನಡುವಿಗೆ ಎಳೆದ ಅಂದಾಜುಗಳದು 0.022. ಮೂರೂವರೆ ಪಟ್ಟು ಉತ್ತಮ. ಹದಿನೆಂಟರಲ್ಲಿ ಹದಿನಾರು ಜನರ ವಿಷಯದಲ್ಲಿ ಎಳೆದ ಅಂದಾಜೇ ನಿಜಕ್ಕೆ ಹತ್ತಿರವಾಯಿತು. ತಪ್ಪಿದವರು ಇಬ್ಬರು: ತಮ್ಮ ಆರಂಭದ ಮಟ್ಟದ ಆಸುಪಾಸಿನಲ್ಲೇ ಉಳಿದ ರಾನ್ ಸ್ವೊಬೊಡಾ ಮತ್ತು ಎಲಿ ರೊಡ್ರಿಗಸ್.

ಹಿಂದಿನಿಂದ ನೋಡಿ ಇನ್ನೊಂದು ಪರೀಕ್ಷೆ ಮಾಡಬಹುದು. ಆರಂಭದ ಸರಾಸರಿ ಮತ್ತು ಉಳಿದ ಋತುವಿನ ಸರಾಸರಿ ಎಂಬ ಹದಿನೆಂಟು ಜೋಡಿ ಸಂಖ್ಯೆಗಳ ನಡುವೆ ಒಂದು ಸರಳ ರೇಖೆ ಎಳೆದರೆ, ಆರಂಭದಲ್ಲಿ ಇತರರಿಗಿಂತ 100 ಸಾವಿರಾಂಶ ಮೇಲಿದ್ದವನು ಮುಂದೆ ಸುಮಾರು 19 ಸಾವಿರಾಂಶ ಮೇಲಿರುತ್ತಾನೆ ಎಂದು ಆ ರೇಖೆ ಹೇಳುತ್ತದೆ. ಸೂತ್ರ ಮುಂಚೆಯೇ 21 ಎಂದಿತ್ತು. ಮುಂದಿನ ಒಂದು ಸರದಿಯನ್ನೂ ನೋಡದೆ ಹೇಳಿದ್ದು.

ಒಬ್ಬನೇ ಆಟಗಾರ ಹೊತ್ತ ಭಾರ

ಆದರೂ ಈ ಗೆಲುವನ್ನು ಪೂರ್ತಿ ಒಪ್ಪಿಕೊಳ್ಳುವ ಮೊದಲು ಆ ರೇಖೆಯನ್ನು ಇನ್ನೊಮ್ಮೆ ನೋಡಬೇಕು. ಕ್ಲೆಮೆಂಟೆ ಅವರೊಬ್ಬರನ್ನು ಪಟ್ಟಿಯಿಂದ ತೆಗೆದು ಉಳಿದ ಹದಿನೇಳು ಜನರಿಗೆ ಅದೇ ರೇಖೆ ಎಳೆದೆ. 19 ಇದ್ದದ್ದು 7ಕ್ಕಿಂತ ಕೆಳಗಿಳಿಯಿತು. ಎಂದರೆ ಆ ಪಟ್ಟಿಯಲ್ಲಿ ಕೌಶಲದ ಗುರುತೆಂದು ಕಂಡದ್ದರಲ್ಲಿ ಹೆಚ್ಚಿನ ಪಾಲು ಒಬ್ಬನೇ ಮನುಷ್ಯನದಾಗಿತ್ತು, ಮತ್ತು ಸೂತ್ರ ಅತಿ ಹೆಚ್ಚು ಕಿತ್ತುಕೊಂಡದ್ದು ಅವರಿಂದಲೇ. 0.294 ಎಂಬ ಅಂದಾಜು 0.346ಕ್ಕಿಂತ 52 ಸಾವಿರಾಂಶ ಕೆಳಗಿತ್ತು, 0.400 ಎಂಬುದು 54 ಸಾವಿರಾಂಶ ಮೇಲಿತ್ತು. ಕ್ಲೆಮೆಂಟೆ ವಿಷಯದಲ್ಲಿ ಸೂತ್ರ ಗೆದ್ದದ್ದು ಅಷ್ಟರಲ್ಲೇ. ಅದನ್ನು ಗೆಲುವು ಎನ್ನುವುದಕ್ಕೂ ನನಗೆ ಸಂಕೋಚ.

ಸೂತ್ರಕ್ಕೆ ಗೊತ್ತಿಲ್ಲದಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಪೋರ್ಟೊ ರಿಕೊದ ಈ ಆಟಗಾರ 1961, 1964, 1965 ಮತ್ತು 1967ರಲ್ಲಿ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಕಿರೀಟ ಗೆದ್ದಿದ್ದರು. ಹಿಂದಿನ ವರ್ಷ, 1969ರಲ್ಲಿ, 0.345 ಹೊಡೆದಿದ್ದರು. ಅವರ ಬೆನ್ನಿಗಿದ್ದದ್ದು 45 ಸರದಿಗಳಲ್ಲ, ಸಾವಿರಾರು. ಅವರನ್ನು ಹದಿನೆಂಟು ಅಪರಿಚಿತರ ನಡುಬಿಂದುವಿಗೆ ಎಳೆಯುವುದಕ್ಕಿಂತ ಅವರದೇ ಹಿಂದಿನ ದಾಖಲೆಯ ಕಡೆಗೆ ಎಳೆದಿದ್ದರೆ ಉತ್ತರ ಇನ್ನೂ ಹತ್ತಿರ ಬರುತ್ತಿತ್ತು. ಇಂದಿನ ಮುನ್ಸೂಚಕರು ಮಾಡುವುದೂ ಅದನ್ನೇ: ಕೆಲವು ವರ್ಷಗಳ ದಾಖಲೆಯನ್ನು ತೂಕ ಹಾಕಿ, ವಯಸ್ಸನ್ನು ಸೇರಿಸಿ, ಆಮೇಲೆ ಉಳಿದದ್ದನ್ನು ಲೀಗ್‌ನ ಸರಾಸರಿಯ ಕಡೆಗೆ ವಾಲಿಸುತ್ತಾರೆ. ಸ್ಕಾಟ್ ಅವರಂಥವರ ವಿಷಯದಲ್ಲಿ ಇದೂ ಸುಲಭವಲ್ಲ. ಅವರು 1967ರಲ್ಲಿ 0.303 ಹೊಡೆದು, ಮರುವರ್ಷ 0.171ಕ್ಕೆ ಬಿದ್ದು, 1969ರಲ್ಲಿ 0.253ಕ್ಕೆ ಎದ್ದವರು, ಅವರ ನಿಜವಾದ ನಾಣ್ಯ ಯಾವುದೆಂದು ಯಾವ ದಾಖಲೆಯನ್ನು ಕೇಳುವುದು?

ಮನ್ಸನ್ ಅವರದು ಇದರ ವಿರುದ್ಧ ಪ್ರಕರಣ. ಅವರ ಹಿಂದೆ ಹೇಳಿಕೊಳ್ಳುವಂಥ ಮೇಜರ್ ಲೀಗ್ ದಾಖಲೆಯೇ ಇರಲಿಲ್ಲ. ಮೊದಲ 45 ಸರದಿಗಳನ್ನು ನಂಬಿ ಅವರನ್ನು ಬೆಂಚಿನ ಮೇಲೆ ಕೂರಿಸಿದ್ದರೆ ಆ ವರ್ಷದ ಅಮೆರಿಕನ್ ಲೀಗ್‌ನ ಶ್ರೇಷ್ಠ ಹೊಸಬ ಪ್ರಶಸ್ತಿ ಬೇರೆಯವರ ಪಾಲಾಗುತ್ತಿತ್ತು. ಋತುವಿನ ಕೊನೆಗೆ ಅವರ ಒಟ್ಟು ಸರಾಸರಿ 0.302. ಸೂತ್ರದ 0.247 ಕೂಡ ಅವರನ್ನು ಬಹಳ ಕೆಳಗೇ ಇಟ್ಟಿತ್ತು, ಆದರೆ ದಿಕ್ಕನ್ನು ಸರಿಯಾಗಿ ತೋರಿಸಿತ್ತು.

ಪಟ್ಟಿಯಲ್ಲಿ ನಿಜ ಎಂದು ನಾವು ಕರೆದ ಸಂಖ್ಯೆಗಳೂ ಪೂರ್ತಿ ನಿಜವಲ್ಲ ಎಂಬುದನ್ನು ಹೇಳದಿದ್ದರೆ ಲೆಕ್ಕ ಅಪೂರ್ಣ. ಆಲ್ವಿಸ್ ಅವರಿಗೆ ಉಳಿದ ಋತುವಿನಲ್ಲಿ ಸಿಕ್ಕದ್ದು 70 ಸರದಿ ಮಾತ್ರ. ಅಷ್ಟರಲ್ಲಿ ಅದೃಷ್ಟದ ಮಾನಕ ವಿಚಲನೆಯೇ ಐವತ್ತು ಸಾವಿರಾಂಶದ ಆಸುಪಾಸಿನದು, ಅವರ 0.200 ಎಂಬುದು ಇನ್ನೊಂದು ಚಿಕ್ಕ ಮಾದರಿ ಅಷ್ಟೆ. ಗಮನಿಸಿದರೆ, ಉಳಿದ ಭಾಗದಲ್ಲಿ ಅತಿ ಕಡಿಮೆ ಸರದಿ ಸಿಕ್ಕ ನಾಲ್ವರಲ್ಲಿ ಮೂವರು ಅತಿ ಕೆಳಗಿನ ಸರಾಸರಿಯ ನಾಲ್ವರಲ್ಲೂ ಇದ್ದಾರೆ. ಚೆನ್ನಾಗಿ ಹೊಡೆಯದವನಿಗೆ ಅವಕಾಶ ನಿಲ್ಲುತ್ತದೆ, ಅವಕಾಶ ನಿಂತವನ ಸಂಖ್ಯೆ ಸರಿಹೋಗಲು ಸಮಯವೇ ಸಿಗುವುದಿಲ್ಲ. ಕ್ಲೆಮೆಂಟೆ ಅವರ 367 ಸರದಿಗಳೂ ಅದೃಷ್ಟದಿಂದ ಮುಕ್ತವಲ್ಲ. ಅಲ್ಲಿ ಮಾನಕ ವಿಚಲನೆ 25 ಸಾವಿರಾಂಶ. ಆಗಸ್ಟ್ 22 ಮತ್ತು 23ರಂದು ಅವರು ಸತತ ಎರಡು ಪಂದ್ಯಗಳಲ್ಲಿ ಐದೈದು ಹಿಟ್ ಹೊಡೆದರು. ಉಳಿದ ಋತುವಿನ ಅವರ 127 ಹಿಟ್‌ಗಳಲ್ಲಿ ಹತ್ತು ಆ ಎರಡು ದಿನಗಳದೇ. ಅದರಲ್ಲಿ ಕೈಚಳಕವೆಷ್ಟು, ಚೆಂಡು ಬಿದ್ದ ಜಾಗವೆಷ್ಟು ಎಂದು ಬಿಡಿಸಲು 1970ರಲ್ಲಿ ಸಾಧನವಿರಲಿಲ್ಲ. 2015ರಿಂದ ಮೇಜರ್ ಲೀಗ್‌ನ ಎಲ್ಲ ಮೈದಾನಗಳಲ್ಲಿರುವ ಸ್ಟ್ಯಾಟ್‌ಕ್ಯಾಸ್ಟ್ ವ್ಯವಸ್ಥೆ ಬ್ಯಾಟಿನಿಂದ ಹೊರಟ ಚೆಂಡಿನ ವೇಗವನ್ನೂ ಕೋನವನ್ನೂ ಅಳೆಯುವುದರಿಂದ, ಔಟಾದ ಒಳ್ಳೆಯ ಹೊಡೆತಕ್ಕೂ ಹಿಟ್ ಆದ ಕೆಟ್ಟ ಹೊಡೆತಕ್ಕೂ ಈಗ ಬೇರೆ ಬೇರೆ ಬೆಲೆ ಕಟ್ಟಬಹುದಾಗಿದೆ.

ಕ್ಯಾಂಪನೇರಿಸ್ ಅವರದು ಮಾತ್ರ ನನಗೆ ಈಗಲೂ ಬಗೆಹರಿಯದ ಸಂಗತಿ. ಮೆಲ್ಲಗೆ ಶುರುಮಾಡಿದ ಅದೇ ಋತುವಿನಲ್ಲಿ ಅವರು 22 ಹೋಮ್ ರನ್ ಹೊಡೆದರು. ಹತ್ತೊಂಬತ್ತು ವರ್ಷಗಳ ತಮ್ಮ ವೃತ್ತಿಜೀವನದ ಬೇರೆ ಯಾವ ವರ್ಷದಲ್ಲೂ ಅವರು ಎರಡಂಕಿಯನ್ನು ಮುಟ್ಟಲಿಲ್ಲ. ಅದೃಷ್ಟ ಎನ್ನಲು ಸಂಖ್ಯೆ ಬಹಳ ದೊಡ್ಡದು, ಕೌಶಲ ಎನ್ನಲು ಮರುವರ್ಷ ಅದು ಕೈಬಿಟ್ಟುಹೋಯಿತು.

0.212 ಎಂಬ ಗುಣಕವನ್ನು ಇನ್ನೊಂದು ರೀತಿಯಲ್ಲೂ ಓದಬಹುದು. 45 ಸರದಿಯ ದಾಖಲೆಗೆ 0.265ರ ಸಾಧಾರಣ ಬ್ಯಾಟರ್‌ನ 167 ಸರದಿಗಳನ್ನು ಸೇರಿಸಿ ಭಾಗಿಸಿದರೆ ಅದೇ ಉತ್ತರ ಬರುತ್ತದೆ. ಕ್ಲೆಮೆಂಟೆ ಅವರ ಏಪ್ರಿಲ್‌ನ 0.400 ಆ 167 ಸಾಧಾರಣ ಸರದಿಗಳ ಕೆಳಗೆ ಹೂತುಹೋಗಿ 0.294 ಆಯಿತು. ಅವರು ತಮ್ಮ 3000ನೆಯ ಹಿಟ್ ಅನ್ನು 1972ರ ಸೆಪ್ಟೆಂಬರ್ 30ರಂದು ಹೊಡೆದರು. ಆ ವರ್ಷದ ಕೊನೆಯ ದಿನ, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಆದ್ದರಿಂದ ದಾಖಲೆ ಅಲ್ಲಿಗೇ ನಿಂತಿದೆ: 9454 ಸರದಿ, 3000 ಹಿಟ್, 0.317. ಅದಕ್ಕೂ ಅದೇ 167 ಸಾಧಾರಣ ಸರದಿಗಳನ್ನು ಸೇರಿಸಿ ಭಾಗಿಸಿದರೆ 0.316 ಬರುತ್ತದೆ.